ಕೋಲಿನ ತುದಿ ನೋಡಿ, ಬುಡ ಅಲ್ಲ

ಮನೆಯಲ್ಲಿ ಜೇಡರ ಬಲೆ ತೆಗೆಯೋ ಉದ್ದ ಕೋಲಿದ್ದರೆ ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿ. ತುದಿ ನೋಡುತ್ತಿದ್ದರೆ ಸ್ವಲ್ಪ ಹೊತ್ತಾದರೂ ನಿಲ್ಲುತ್ತದೆ. ಬುಡ ನೋಡಿದಿರೋ, ಬಿತ್ತು.

ಗುಬ್ಬಿ ಕಡೆಯ ನೆಂಟರ ಅಂಗಳದಲ್ಲಿ ಹುಡುಗರ ಜೊತೆ ಈ ಆಟ ಆಡುವಾಗ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಮಾತು ಬಂತು. 615 ಎಕರೆ ಜಾಗ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಹೆಲಿಕಾಪ್ಟರ್ ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದು ಸುಲಭ ಅಲ್ವಾ ಅಂತ ಒಬ್ಬ ಕೇಳಿದ. ಅದೇ ಕಷ್ಟ ಮಾರಾಯ!

ಎಡಗೈಯ ಲಿವರ್ ಎತ್ತಿದರೆ ಹೆಲಿಕಾಪ್ಟರ್ ಮೇಲೇಳುತ್ತದೆ. ಆದರೆ ಮೇಲಿನ ರೆಕ್ಕೆ ಒಂದು ಕಡೆ ತಿರುಗಲು ಜೋರು ಮಾಡಿದಷ್ಟೂ ಒಡಲು ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಕಾಲಿನ ಪೆಡಲ್ ಒತ್ತಬೇಕು. ಪೆಡಲ್ ಒತ್ತಿದರೆ ಬಾಲದ ಫ್ಯಾನು ಇಡೀ ಹೆಲಿಕಾಪ್ಟರನ್ನೇ ಪಕ್ಕಕ್ಕೆ ನೂಕುತ್ತದೆ, ಆಗ ಹೆಲಿಕಾಪ್ಟರನ್ನು ಬೇಕಾದ ಕಡೆ ವಾಲಿಸುವ ಬಲಗೈಯ ಕೋಲಿಗೆ ಕೆಲಸ. ಒಂದನ್ನು ಸರಿ ಮಾಡಲು ಹೋದರೆ ಇನ್ನೆರಡು ಕೆಡುತ್ತವೆ.

ಇದರ ಜೊತೆಗೆ ತಡ ಬೇರೆ. ಬಲಗೈ ಕೋಲು ತಳ್ಳಿದರೆ ಮೊದಲು ಒಡಲು ವಾಲುತ್ತದೆ, ವಾಲಿದ ಮೇಲೆ ವೇಗ ಬರುತ್ತದೆ, ಆಮೇಲೆ ಜಾಗ ಬದಲಾಗುತ್ತದೆ. ಬಚ್ಚಲಲ್ಲಿ ಸೋಲಾರ್ ನೀರು ಬರಲಿಲ್ಲ ಅಂತ ನಲ್ಲಿ ಪೂರ್ತಿ ತಿರುಗಿಸಿ, ಸುಡುವ ನೀರು ಬಂದಾಗ ಹೌಹಾರಿ ಮುಚ್ಚಿ, ತಣ್ಣಗಾಯಿತೆಂದು ಮತ್ತೆ ತಿರುಗಿಸುತ್ತೇವಲ್ಲ, ಪೈಲಟ್ ಕೂಡ ಹಾಗೇ ಮಾಡಿದರೆ ಓಲಾಟ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ.

ಹಾಗಾಗಿ ಈಗ ಎಲ್ಲಿದ್ದೇವೆ ಅಂತ ತೋರಿಸುವ ಮುಳ್ಳು ಸಾಲದು. ಅದು ಕೋಲಿನ ಬುಡ. ಅಪಾಚೆಯಂಥ ಹೆಲಿಕಾಪ್ಟರಿನ ಪರದೆಯಲ್ಲಿ ಒಂದು ಗೆರೆ ಯಾವ ದಿಕ್ಕಿಗೆ ಎಷ್ಟು ಸರಿಯುತ್ತಿದ್ದೇವೆ ಅಂತ ತೋರಿಸಿದರೆ, ಪುಟ್ಟ ವೃತ್ತವೊಂದು ಆ ಗೆರೆ ಇನ್ನು ಯಾವ ಕಡೆ ಬೆಳೆಯಲಿದೆ ಅಂತ ಮೊದಲೇ ಹೇಳುತ್ತದೆ. ಅದು ತುದಿ.

ಹೊರಗೆ ಚೆನ್ನಾಗಿ ಕಂಡರೆ ಪರದೆ ಅಷ್ಟೇನೂ ಬೇಕಿಲ್ಲ, ಕಣ್ಣಂಚಿನಲ್ಲಿ ಸರಿಯುವ ತೆಂಗಿನ ಮರವೇ ಸಾಕು. ಆದರೆ ಬೇಸಿಗೆಯಲ್ಲಿ ಉತ್ತ ಹೊಲಕ್ಕೆ ಇಳಿದರೆ ನಮ್ಮ ಕೆಮ್ಮಣ್ಣು ಎದ್ದು ಎಲ್ಲ ಮುಚ್ಚಿಹೋಗುತ್ತದೆ. ಒಳಗಿವಿ ಕೂಡ ಮೋಸ ಮಾಡುತ್ತದೆ, ನಿಧಾನಕ್ಕೆ ವಾಲಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅಮೆರಿಕ ಸೇನೆಯ ಎಡಿಎಸ್-33 ಎಂಬ ಮಾನದಂಡ ಇಲ್ಲಿ ಒಳ್ಳೆಯ ದಾರಿ ಹಿಡಿದಿದೆ: ಹೊರಗಿನ ನೋಟ ಕೆಟ್ಟಷ್ಟೂ ಯಂತ್ರದ ನೆರವು ಹೆಚ್ಚಿರಬೇಕು. ಕಣ್ಣು ಕಾಣುವಾಗ, ಕೋಲು ಬಿಟ್ಟರೆ ವಾಲಿದ ಹಾಗೇ ಉಳಿಯುವ ಹೆಲಿಕಾಪ್ಟರ್ ನಡೆಯುತ್ತದೆ. ದೂಳಲ್ಲಿ, ಕೋಲು ಬಿಟ್ಟ ಕೂಡಲೇ ತಾನೇ ನೆಟ್ಟಗಾಗುವಂಥದ್ದು ಬೇಕು.

ಹಾಗಂತ ಆ ಯಂತ್ರಕ್ಕೆ ಪೂರ್ತಿ ಯಜಮಾನಿಕೆ ಕೊಟ್ಟಿರುವುದಿಲ್ಲ. ಹಲವು ಹೆಲಿಕಾಪ್ಟರುಗಳಲ್ಲಿ ಸಮತೋಲನ ಕಾಯುವ ವ್ಯವಸ್ಥೆಗೆ ಸಿಗುವುದು ಪೈಲಟ್‌ನ ಕೋಲು, ಪೆಡಲುಗಳ ಒಟ್ಟು ಚಲನೆಯ ಸುಮಾರು ಶೇ. 10 ಮಾತ್ರ. ಅದು ಕೆಟ್ಟು ಅಡ್ಡಾದಿಡ್ಡಿ ಎಳೆದರೂ ಪೈಲಟ್ ಕೈ ಮೇಲಾಗಲಿ ಅಂತ. ತೊಂದರೆ ಎಂದರೆ ಜೋರು ಗಾಳಿಯಲ್ಲಿ ಆ ಪಾಲು ಮುಗಿದುಹೋಗಬಹುದು. ಆಗ ಇಷ್ಟು ಹೊತ್ತು ಸಾಧುವಾಗಿದ್ದ ಹೆಲಿಕಾಪ್ಟರ್ ತನ್ನ ಹುಟ್ಟುಗುಣ ತೋರಿಸುತ್ತದೆ, ಅದೂ ಹೊರಗೆ ಏನೂ ಕಾಣದ ಹೊತ್ತಲ್ಲಿ.