ಸೀ ಆಫ್ ಥೀವ್ಸ್: ಲೆವೆಲ್ ಏರಿದರೂ ಕತ್ತಿ ಹರಿತವಾಗದ ಆಟ

ಗೇಮ್ ಡಿಸೈನ್ ಓದುವವರು ಪ್ರೊಗ್ರೆಶನ್, ಅಂದರೆ ಆಟಗಾರ ಹಂತ ಹಂತವಾಗಿ ಮೇಲೇರುವ ಬಗೆಯ ಪಾಠಕ್ಕೆ ಬಂದಾಗ ಮೊದಲು ಕಲಿಯುವ ಸರಪಳಿ ನಿಮಗೆ ಗೊತ್ತೇ ಇದೆ. ಶತ್ರುವನ್ನು ಹೊಡೆದರೆ ಪಾಯಿಂಟ್, ಪಾಯಿಂಟ್ ಸೇರಿದರೆ ಲೆವೆಲ್, ಲೆವೆಲ್ ಏರಿದರೆ ಇನ್ನೂ ಜೋರಾದ ಆಯುಧ. ಇಂಗ್ಲೆಂಡಿನ ರೇರ್ ಕಂಪನಿ 2018ರ ಮಾರ್ಚ್ 20ರಂದು ಬಿಡುಗಡೆ ಮಾಡಿದ, ಹಲವು ತಂಡಗಳು ಒಂದೇ ಕಡಲಿನಲ್ಲಿ ಹಡಗು ಓಡಿಸುವ ಕಡಲ್ಗಳ್ಳರ ಆಟ ಸೀ ಆಫ್ ಥೀವ್ಸ್ ಈ ಸರಪಳಿಯ ಕೊನೇ ಕೊಂಡಿಯನ್ನೇ ಕಿತ್ತುಹಾಕಿತು. ಇಲ್ಲಿ ಇವತ್ತು ಶುರು ಮಾಡಿದವನ ಕತ್ತಿಗೂ ಐದು ವರ್ಷ ಆಡಿದವನ ಕತ್ತಿಗೂ ಒಂದೇ ಪೆಟ್ಟು. ಹಳಬನ ಕತ್ತಿಗೆ ಚಿನ್ನದ ಹಿಡಿ ಇರಬಹುದು, ಅಷ್ಟೇ. ತೋಪು, ಹಾಯಿ, ಬಂದೂಕು, ಎಲ್ಲದಕ್ಕೂ ಇದೇ ಲೆಕ್ಕ.

ಹಾಗಾದರೆ ಲೆವೆಲ್ ಯಾಕೆ ಬೇಕು? ಈ ಟಿಪ್ಪಣಿ ಪೂರ್ತಿ ಆ ಪ್ರಶ್ನೆಯ ಸುತ್ತ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಒಪ್ಪದಿದ್ದರೆ ಓದುತ್ತಾ ಜಗಳ ಮಾಡಿ: ಈ ಆಟದಲ್ಲಿ ಮೇಲೆ ಹೋದಂತೆ ನಿಮ್ಮ ಬಲ ಏರುವುದಿಲ್ಲ, ನೀವು ಪಣಕ್ಕಿಡಬಹುದಾದ ಮೊತ್ತ ಏರುತ್ತದೆ.

ಮೊದಲು ಮೂಲ ಕಟ್ಟಡ

ಆಟ ಬಂದಾಗ ಮೂರು ವ್ಯಾಪಾರಿ ಕಂಪನಿಗಳಿದ್ದವು. ಗೋಲ್ಡ್ ಹೋರ್ಡರ್ಸ್ ಅವರಿಗೆ ಹೂತಿಟ್ಟ ನಿಧಿಪೆಟ್ಟಿಗೆ ಬೇಕು. ಆರ್ಡರ್ ಆಫ್ ಸೋಲ್ಸ್ ಅವರಿಗೆ ಅಸ್ಥಿಪಂಜರ ಕ್ಯಾಪ್ಟನ್‌ಗಳ ತಲೆಬುರುಡೆ. ಮರ್ಚಂಟ್ ಅಲಯನ್ಸ್‌ಗೆ ಸರಕು ಮತ್ತು ಪ್ರಾಣಿಗಳು: ಕೋಳಿ, ಹಂದಿ, ಹಾವು. ಈ ಮೂರನೆಯದು ಎಲ್ಲರೂ ಗೊಣಗುವ ಕೆಲಸ. ಹಂದಿಗೆ ಹೊಟ್ಟೆಗೆ ಹಾಕದಿದ್ದರೆ ದಾರಿಯಲ್ಲೇ ಸಾಯುತ್ತದೆ. ಹಾವು ವಿಷ ಉಗುಳುತ್ತದೆ, ಅದನ್ನು ಸಮಾಧಾನ ಮಾಡಲು ಪಕ್ಕದಲ್ಲಿ ಯಾರಾದರೂ ವಾದ್ಯ ನುಡಿಸಬೇಕು. ನಾನಂತೂ ಇದನ್ನು ಆಟದ ಅತಿ ಚೆಂದದ ಭಾಗ ಎನ್ನುತ್ತೇನೆ, ಜೊತೆಗೆ ಆಡುವವರು ಒಪ್ಪುವುದಿಲ್ಲ.

ಪ್ರತಿ ಕಂಪನಿಯ ಬಳಿ ನಿಮ್ಮ ಹೆಸರಿಗೆ ಬೇರೆ ಬೇರೆ ಲೆಕ್ಕ. ಅವರಿಗೆ ಬೇಕಾದ ಮಾಲು ತಂದುಕೊಟ್ಟರೆ ಗೋಲ್ಡ್ ಸಿಗುತ್ತದೆ, ಜೊತೆಗೆ ರೆಪ್ಯುಟೇಶನ್, ಅಂದರೆ ಅವರ ಕಣ್ಣಲ್ಲಿ ನಿಮ್ಮ ಹೆಸರು, ಏರುತ್ತದೆ. ಅದು ಏರಿದಂತೆ ಆ ಕಂಪನಿಯಲ್ಲಿ ನಿಮ್ಮ ಲೆವೆಲ್ ಏರುತ್ತದೆ. ಮೂರು ಕಂಪನಿಗಳಲ್ಲಿ 50ನೇ ಲೆವೆಲ್ ಮುಟ್ಟಿದರೆ ನಿಮಗೆ ಪೈರೇಟ್ ಲೆಜೆಂಡ್ ಎಂಬ ಬಿರುದು. ಮುಂದೆ ಹಂಟರ್ಸ್ ಕಾಲ್, ರೀಪರ್ಸ್ ಬೋನ್ಸ್ ಮುಂತಾದ ಕಂಪನಿಗಳು ಸೇರಿಕೊಂಡವು. ಹಾಗಾಗಿ ಈಗ ಯಾವ ಮೂರು ಎನ್ನುವುದನ್ನು ಆರಿಸಿಕೊಳ್ಳಲು ಜಾಗ ಇದೆ.

ಇಲ್ಲಿ ಎರಡು ನಿಯಮ ಚೆನ್ನಾಗಿ ನೆನಪಿಡಿ, ಉಳಿದದ್ದೆಲ್ಲ ಇವುಗಳಿಂದಲೇ ಹುಟ್ಟುತ್ತದೆ.

ಒಂದು, ಪೆಟ್ಟಿಗೆ ಸಿಕ್ಕಿದಾಗ ಏನೂ ಸಿಗುವುದಿಲ್ಲ. ದ್ವೀಪದಲ್ಲಿ ಅಗೆದು ತೆಗೆದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ನಡೆಯಬೇಕು. ಹೊತ್ತಿರುವಾಗ ಕತ್ತಿ ಎಳೆಯಲು ಆಗುವುದಿಲ್ಲ. ಅಸ್ಥಿಪಂಜರ ಎದುರಾದರೆ ಪೆಟ್ಟಿಗೆ ಕೆಳಗಿಟ್ಟು ಹೊಡೆದಾಡಿ ಮತ್ತೆ ಎತ್ತಬೇಕು. ಹಡಗಿಗೆ ತಂದು, ಔಟ್‌ಪೋಸ್ಟ್ ಎನ್ನುವ ವ್ಯಾಪಾರದ ಬಂದರಿನವರೆಗೆ ಸಾಗಿಸಿ, ಕಂಪನಿಯವನ ಕೈಗೆ ಕೊಟ್ಟ ಕ್ಷಣದಲ್ಲಿ ಮಾತ್ರ ಗೋಲ್ಡ್ ಮತ್ತು ರೆಪ್ಯುಟೇಶನ್ ಬರುತ್ತದೆ. ಅಲ್ಲಿಯವರೆಗೆ ಅದು ಯಾರ ಕೈಯಲ್ಲಿದೆಯೋ ಅವರದು. ಬಂದರಿಗೆ ಹತ್ತು ಹೆಜ್ಜೆ ಇರುವಾಗ ಬೇರೆ ತಂಡ ಬಂದು ಕಿತ್ತುಕೊಂಡರೆ ನಿಮ್ಮ ಒಂದು ಗಂಟೆಯ ದುಡಿಮೆಯ ರೆಪ್ಯುಟೇಶನ್ ಅವರಿಗೆ ಹೋಗುತ್ತದೆ.

ಎರಡು, ಒಮ್ಮೆ ಕೊಟ್ಟದ್ದು ಯಾರಪ್ಪನೂ ಕಸಿಯಲಾರ. ಸತ್ತರೂ, ಹಡಗು ಮುಳುಗಿದರೂ ಲೆವೆಲ್ ಇಳಿಯುವುದಿಲ್ಲ. ತಂಡದಲ್ಲಿ ಯಾರೇ ಮಾರಲಿ, ಪ್ರತಿಯೊಬ್ಬರಿಗೂ ಪೂರ್ತಿ ಮೊತ್ತ. ನಾಲ್ಕು ಜನ ಇದ್ದರೆ ನಾಲ್ಕು ಪಾಲಾಗುವುದಿಲ್ಲ. ಇದರಿಂದ ಒಂದೇ ಹಡಗಿನಲ್ಲಿ ಪಾಲಿನ ಜಗಳ ಬರುವುದೇ ಇಲ್ಲ. ಡಿಸೈನರ್‌ಗಳು ದುರಾಸೆಯನ್ನು ಹಡಗಿನೊಳಗಿಂದ ತೆಗೆದು ಹಡಗುಗಳ ನಡುವೆ ಇಟ್ಟರು.

ಎರಡನೇ ನಿಯಮ ಎಷ್ಟು ಗಟ್ಟಿ ಎಂದು ತೋರಿಸುವ ಒಂದು ಘಟನೆ ಇದೆ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಆಟಗಾರ ಸತ್ತರೆ ಸ್ವಲ್ಪ ಗೋಲ್ಡ್ ಕಡಿತ ಮಾಡುವ ಯೋಚನೆಯನ್ನು ರೇರ್ ಹೇಳಿತು. ಜನ ಅದಕ್ಕೆ ‘ಡೆತ್ ಟ್ಯಾಕ್ಸ್’ ಎಂದು ಹೆಸರಿಟ್ಟು ಹರಿಹಾಯ್ದರು. ಕಂಪನಿ ಯೋಚನೆಯನ್ನೇ ಕೈಬಿಟ್ಟಿತು. ಸಿಟ್ಟು ಬರೀ ದುಡ್ಡಿನ ಬಗ್ಗೆ ಇತ್ತು ಎಂದು ನನಗೆ ಅನಿಸುವುದಿಲ್ಲ. ಹಡಗಿನಲ್ಲಿರುವ ಮಾಲು ಹೋದರೆ ಆಟಗಾರ ಬೈದುಕೊಂಡು ಮತ್ತೆ ಹೊರಡುತ್ತಾನೆ. ಜೇಬಿಗೆ ಬಿದ್ದದ್ದಕ್ಕೆ ಕೈ ಹಾಕಿದರೆ ಒಪ್ಪಂದವೇ ಮುರಿದಂತೆ.

ಬಾವುಟ ಏರಿಸುವ ಲೆಕ್ಕ

ಇನ್ನು ಈ ಟಿಪ್ಪಣಿಯ ಮುಖ್ಯ ಭಾಗ. 2020ರ ಏಪ್ರಿಲ್‌ನಲ್ಲಿ ಎಮಿಸರಿ, ಅಂದರೆ ಕಂಪನಿಯ ಪ್ರತಿನಿಧಿಯಾಗುವ ವ್ಯವಸ್ಥೆ ಬಂತು. ಒಂದು ಕಂಪನಿಯಲ್ಲಿ 15ನೇ ಲೆವೆಲ್ ಮುಟ್ಟಿ 20,000 ಗೋಲ್ಡ್ ಕೊಟ್ಟರೆ ಆ ಕಂಪನಿಯ ಬಾವುಟ ಹಾರಿಸುವ ಹಕ್ಕು ಸಿಗುತ್ತಿತ್ತು. ಬಾವುಟ ಹಾರಿಸಿ ಅವರ ಕೆಲಸ ಮಾಡುತ್ತಾ ಹೋದರೆ ಗ್ರೇಡ್ 1ರಿಂದ 5ರವರೆಗೆ ಏರುತ್ತದೆ. ಗ್ರೇಡ್ ಏರಿದಂತೆ ಮಾರಿದ ಮಾಲಿನ ಬೆಲೆಯೂ ಏರುತ್ತದೆ: ಗ್ರೇಡ್ 2ರಲ್ಲಿ 1.33 ಪಟ್ಟು, 3ರಲ್ಲಿ 1.67, 4ರಲ್ಲಿ 2, 5ರಲ್ಲಿ 2.5 ಪಟ್ಟು.

ಇಲ್ಲಿ ಒಂದು ಸಣ್ಣ ವಿವರ ಇದೆ, ಪಾಠ ಪೂರ್ತಿ ಅದರೊಳಗೇ ಇದೆ. ಲೆಕ್ಕಕ್ಕೆ ಬರುವುದು ಮಾರುವಾಗಿನ ಗ್ರೇಡ್. ಗ್ರೇಡ್ 1ರಲ್ಲಿ ಅಗೆದ ಪೆಟ್ಟಿಗೆಯನ್ನು ಗ್ರೇಡ್ 5ರಲ್ಲಿ ಮಾರಿದರೂ 2.5 ಪಟ್ಟು ಸಿಗುತ್ತದೆ. ಹಾಗಾದರೆ ಯಾರು ತಾನೇ ಮೊದಲೇ ಮಾರುತ್ತಾರೆ? ಎಲ್ಲರೂ ಮಾಲು ಪೇರಿಸುತ್ತಾ ಹೋಗುತ್ತಾರೆ, ಅಲ್ವಾ?

ಒಂದು ಲೆಕ್ಕ ಹಾಕೋಣ. ನೀವು ಇಬ್ಬರು ಒಂದು ಸ್ಲೂಪ್‌ನಲ್ಲಿ ಇದ್ದೀರಿ, ಸ್ಲೂಪ್ ಎಂದರೆ ಆಟದ ಅತಿ ಚಿಕ್ಕ ಹಡಗು. ತಲಾ 1,000 ಗೋಲ್ಡ್ ಬೆಲೆಯ ಐದು ಪೆಟ್ಟಿಗೆ ಹಡಗಿನಲ್ಲಿವೆ ಎಂದುಕೊಳ್ಳಿ. ಈಗ ಗ್ರೇಡ್ 3. ಈಗಲೇ ಮಾರಿದರೆ 8,350. ಗ್ರೇಡ್ 5ರವರೆಗೆ ಕಾದು ಮಾರಿದರೆ 12,500. ಕಾಯುವಾಗ ಹಡಗು ಮುಳುಗಿದರೆ ಸೊನ್ನೆ. 8,350ನ್ನು 12,500ರಿಂದ ಭಾಗಿಸಿದರೆ ಸುಮಾರು 0.67. ಅಂದರೆ ಗ್ರೇಡ್ 5 ಮುಟ್ಟಿ ಸುರಕ್ಷಿತವಾಗಿ ಬಂದರಿಗೆ ಬರುವ ಸಾಧ್ಯತೆ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಇದ್ದರೆ ಕಾಯುವುದು ಲಾಭ, ಕಡಿಮೆ ಇದ್ದರೆ ಈಗಲೇ ಮಾರುವುದು ಲಾಭ. ಕಾಯುವಾಗ ಇನ್ನಷ್ಟು ಪೆಟ್ಟಿಗೆ ಸೇರುತ್ತವೆ, ಅದನ್ನು ಸೇರಿಸಿದರೆ ಕಾಯುವ ಕಡೆಗೆ ತಕ್ಕಡಿ ಇನ್ನೂ ವಾಲುತ್ತದೆ. ಆದರೆ ಹೊಸ ಪೆಟ್ಟಿಗೆ ಸೇರಿದಂತೆ ಕಳೆದುಕೊಳ್ಳುವ ಮೊತ್ತವೂ ದೊಡ್ಡದಾಗುತ್ತದೆ. ಆಟಗಾರರು ಕಾಗದ ತೆಗೆದು ಲೆಕ್ಕ ಮಾಡುವುದಿಲ್ಲ. ‘ಇನ್ನೊಂದು ದ್ವೀಪ ಮುಗಿಸಿ ಹೋಗೋಣ’ ಎಂದು ಒಬ್ಬ ಹೇಳಿದಾಗ ಇನ್ನೊಬ್ಬ ದೂರದ ಹಾಯಿಯನ್ನು ದುರ್ಬೀನಿನಲ್ಲಿ ನೋಡುತ್ತಾ ಹ್ಞೂಂ ಎನ್ನುತ್ತಾನಲ್ಲ, ಆ ಹ್ಞೂಂಕಾರದ ಹಿಂದೆ ಇದೇ ಭಾಗಾಕಾರ ಇದೆ.

ಹಡಗು ಮುಳುಗಿದರೆ ಗ್ರೇಡ್ ಪೂರ್ತಿ ಹೋಗುತ್ತದೆ, ಮತ್ತೆ ಒಂದರಿಂದ ಶುರು. ಮೇಲಿಂದ, ಮುಳುಗಿಸಿದವನಿಗೆ ನಿಮ್ಮ ಮುರಿದ ಬಾವುಟವೂ ಒಂದು ಲೂಟಿ. ಅದನ್ನು ರೀಪರ್ಸ್ ಬೋನ್ಸ್ ಕಂಪನಿಗೆ ಮಾರಬಹುದು. ಸುರಕ್ಷಿತವಾಗಿ ಬಂದು ನೀವೇ ಬಾವುಟ ಇಳಿಸಿದರೆ ಬೋನಸ್ ಸಿಗುತ್ತದೆ. ಇದು ಒಳ್ಳೆಯ ಜಾಣತನ. ಈ ಬೋನಸ್ ಇಲ್ಲದಿದ್ದರೆ ಗ್ರೇಡ್ 5 ಮುಟ್ಟಿದವರಿಗೆ ಆಟ ನಿಲ್ಲಿಸಲು ಸರಿಯಾದ ಜಾಗವೇ ಇರುತ್ತಿರಲಿಲ್ಲ.

ಈ ರೀಪರ್ಸ್ ಬೋನ್ಸ್ ಎನ್ನುವವರು ಕಳ್ಳರ ಕಂಪನಿ. ಬೇರೆಯವರಿಂದ ಕದ್ದ ಯಾವ ಕಂಪನಿಯ ಮಾಲನ್ನೂ ಅವರು ಕೊಳ್ಳುತ್ತಾರೆ. ಅವರ ಬಾವುಟ ಹಾರಿಸಿದ ಹಡಗು ಎಲ್ಲರ ನಕ್ಷೆಯಲ್ಲೂ ಕಾಣುತ್ತದೆ. ಗ್ರೇಡ್ 5 ಮುಟ್ಟಿದ ರೀಪರ್‌ಗೆ ಉಳಿದ ಎಮಿಸರಿ ಹಡಗುಗಳು ನಕ್ಷೆಯಲ್ಲಿ ಕಾಣುತ್ತವೆ. ಎರಡು ಕಡೆಯೂ ಮಾಹಿತಿಯೇ ಬೆಲೆ, ಗಮನಿಸಿ. ಬೇಟೆಗಾರನಾಗಬೇಕೆಂದರೆ ಮೊದಲು ನೀವೇ ಕಣ್ಣಿಗೆ ಬೀಳಬೇಕು. ತೋಪಿನ ಬಲ ಒಂದಿಷ್ಟೂ ಹೆಚ್ಚಿಸದೆ ಒಂದು ಪಾತ್ರವನ್ನು ಭಯಂಕರ ಮಾಡುವುದು ಹೇಗೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ಈ ಉದಾಹರಣೆ ಬರೆಯಿರಿ.

ಲೆಜೆಂಡ್ ಆದ ಮೇಲೆ

ಪೈರೇಟ್ ಲೆಜೆಂಡ್ ಆದವರಿಗೆ ಹೆಂಡದಂಗಡಿಯ ನಿಗೂಢ ವ್ಯಕ್ತಿ ಒಂದು ಹಾಡು ಕೊಡುತ್ತಾನೆ. ಅದನ್ನು ನುಡಿಸಿದರೆ ಅಂಗಡಿಯ ಕೆಳಗಿನ ಗುಪ್ತ ದಾರಿ ತೆರೆದುಕೊಳ್ಳುತ್ತದೆ. ಅಲ್ಲಿ ಅಥೀನಾಸ್ ಫಾರ್ಚೂನ್ ಎನ್ನುವ ಇನ್ನೊಂದು ಕಂಪನಿ, ಪೈರೇಟ್ ಲಾರ್ಡ್ ಎಂಬ ಭೂತ, ಹೊಸ ಬಗೆಯ ಕೆಲಸಗಳು. ಆ ಕೆಲಸಗಳಿಂದ ಬರುವ ನಿಧಿ ಕಡಲಿನಲ್ಲಿ ಎಲ್ಲರ ಬಾಯಲ್ಲೂ ನೀರೂರಿಸುವಂಥದ್ದು. ಕತ್ತಿ ಅದೇ, ತೋಪು ಅದೇ, ಹೊತ್ತಿರುವ ಮಾಲು ಮಾತ್ರ ಬೆಲೆಬಾಳುವುದು. ನಾನು ಮೊದಲು ಹೇಳಿದ ಮಾತು ಇಲ್ಲಿ ಎದ್ದು ಕಾಣುತ್ತದೆ.

ಬಟ್ಟೆಬರೆ, ಹಾಯಿಯ ಚಿತ್ತಾರ, ಹೆಸರಿನ ಮೇಲೆ ಕಾಣುವ ಬಿರುದು ಇವುಗಳಿಗೂ ಒಂದು ಕೆಲಸ ಇದೆ. ಬಲ ಎಲ್ಲರಿಗೂ ಸಮ ಇರುವಾಗ ಎದುರಾಳಿ ಎಷ್ಟು ಪಳಗಿದವನು ಎಂದು ಊಹಿಸಲು ವೇಷವೊಂದೇ ದಾರಿ. ಅದಕ್ಕೇ ಕೆಲವು ಪಳಗಿದವರು ಬೇಕೆಂದೇ ಹೊಸಬರ ಹರಕು ಬಟ್ಟೆ ಹಾಕಿಕೊಂಡು, ಬಿಳಿ ಹಾಯಿ ಕಟ್ಟಿಕೊಂಡು ಓಡಾಡುತ್ತಾರೆ. ಗಳಿಸಿದ ಹೆಸರನ್ನು ಮುಚ್ಚಿಡುವುದೂ ಒಂದು ಆಯುಧ.

ಉಳಿದ ಪದರಗಳನ್ನು ಬೇಗ ನೋಡಿಬಿಡೋಣ. 2021ರ ಜನವರಿಯಿಂದ ಸೀಸನ್‌ಗಳು ಶುರುವಾದವು. ಅದರಲ್ಲಿ 100 ಹಂತಗಳ ರಿನೌನ್ ಎಂಬ ಲೆಕ್ಕ, ಸೀಸನ್ ಮುಗಿದರೆ ಮತ್ತೆ ಮೊದಲಿಂದ. ಏನೇ ಮಾಡಿದರೂ ಸ್ವಲ್ಪ ಸ್ವಲ್ಪ ಏರುತ್ತದೆ, ಮುಳುಗಿದರೂ ಹೋಗುವುದಿಲ್ಲ. ನನಗೆ ಇದು ಸಪ್ಪೆ. ಆದರೆ ಇಡೀ ಸಂಜೆ ಲೂಟಿಯಾದವನಿಗೆ ಏನೋ ಒಂದು ಸಿಕ್ಕಿತು ಎನಿಸಲು ಇದು ಬೇಕು ಎಂಬ ವಾದವನ್ನೂ ತಳ್ಳಿಹಾಕಲಾರೆ. 2022ರ ಆಗಸ್ಟ್‌ನಲ್ಲಿ ಸ್ವಂತ ಹಡಗು ಕೊಂಡು ಅದಕ್ಕೆ ಹೆಸರಿಡುವ ಸೌಲಭ್ಯ ಬಂತು. ಸ್ಲೂಪ್‌ಗೆ 2,50,000 ಗೋಲ್ಡ್, ನಾಲ್ವರ ಗ್ಯಾಲಿಯನ್‌ಗೆ 5,00,000. 2023ರ ಅಕ್ಟೋಬರ್‌ನಲ್ಲಿ 24 ಜನರವರೆಗಿನ ಗಿಲ್ಡ್‌ಗಳು, ಅಂದರೆ ಆಟಗಾರರ ಕೂಟಗಳು ಬಂದವು.

2022ರ ನವೆಂಬರ್‌ನಲ್ಲಿ ಬಂದ ಅವರ್‌ಗ್ಲಾಸ್ ಸ್ವಲ್ಪ ನಿಂತು ನೋಡಬೇಕಾದ್ದು. ಎರಡು ಪಕ್ಷಗಳಲ್ಲಿ ಒಂದನ್ನು ಆರಿಸಿ, ಹಡಗಿಗೆ ಹಡಗು ಕಾದಾಟಕ್ಕೆ ಇಳಿಯಬಹುದು. ಗೆಲುವಿನ ಮೇಲೆ ಗೆಲುವು ಸೇರಿಸುತ್ತಾ ಹೋದರೆ ಬಹುಮಾನ ಬೆಳೆಯುತ್ತದೆ. ಬಂದರಿಗೆ ಬಂದು ಬಹುಮಾನ ಪಡೆದುಕೊಳ್ಳುವ ಮುಂಚೆ ಸೋತರೆ ಆ ಸರಣಿ ಹೋಯಿತು. ಪಕ್ಷದಲ್ಲಿ 100ನೇ ಲೆವೆಲ್ ಮುಟ್ಟಿದರೆ ಒಂದು ಪಕ್ಷದವರು ಅಸ್ಥಿಪಂಜರದ ರೂಪ, ಇನ್ನೊಂದು ಪಕ್ಷದವರು ಭೂತದ ರೂಪ ಪಡೆಯುತ್ತಾರೆ. ಪೆಟ್ಟಿಗೆಯೇ ಇಲ್ಲದಿದ್ದರೂ ಇಲ್ಲೂ ಅದೇ ಪ್ರಶ್ನೆ: ಇಲ್ಲಿಗೆ ಸಾಕೋ, ಇನ್ನೊಂದು ಆಟವೋ?

ಅಪಾಯಕ್ಕೆ ಬೆಲೆ ಕಟ್ಟಿದ್ದು

ಪಣದ ವಾದಕ್ಕೆ ಬಲವಾದ ಸಾಕ್ಷಿಯನ್ನು ರೇರ್ ತಾನೇ ಕೊಟ್ಟಿದೆ. 2023ರ ಡಿಸೆಂಬರ್‌ನಲ್ಲಿ ಸೇಫರ್ ಸೀಸ್ ಎನ್ನುವ ಬೇರೆ ಕಡಲು ಬಂತು. ಅಲ್ಲಿ ನಿಮ್ಮ ತಂಡ ಬಿಟ್ಟರೆ ಬೇರೆ ಆಟಗಾರರಿಲ್ಲ. ಅದು ಬಂದಾಗ ಇದ್ದ ಷರತ್ತುಗಳನ್ನು ನೋಡಿ: ಗೋಲ್ಡ್ ಮತ್ತು ರೆಪ್ಯುಟೇಶನ್ ಮಾಮೂಲಿಯ ಶೇ 30 ಮಾತ್ರ. ಕಂಪನಿ ಲೆವೆಲ್ 40ಕ್ಕೆ ನಿಲ್ಲುತ್ತದೆ. ಎಮಿಸರಿ ಬಾವುಟ ಇಲ್ಲ, ಸ್ವಂತ ಹಡಗು ಇಲ್ಲ. ಅಂದರೆ ಅಲ್ಲಷ್ಟೇ ಆಡಿ ಲೆಜೆಂಡ್ ಆಗಲು ಸಾಧ್ಯವಿರಲಿಲ್ಲ. ದ್ವೀಪ ಅದೇ, ಪೆಟ್ಟಿಗೆ ಅದೇ, ಅಗೆಯುವ ಶ್ರಮವೂ ಅದೇ. ಕಳೆದುಹೋದದ್ದು ಕದಿಯುವವನೊಬ್ಬನೇ. ಅವನಿಲ್ಲದಾಗ ಗಳಿಕೆಯ ಶೇ 70 ಕಡಿತ! ರೆಪ್ಯುಟೇಶನ್ ಯಾವುದಕ್ಕೆ ಸಿಗುತ್ತದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಎದುರು ಉದಾಹರಣೆಗೆ ಯೂಬಿಸಾಫ್ಟ್‌ನ ಸ್ಕಲ್ ಆ್ಯಂಡ್ ಬೋನ್ಸ್ ತಗೊಳ್ಳಿ. 2024ರ ಫೆಬ್ರವರಿಯಲ್ಲಿ ಬಂದದ್ದು, ಕಥೆ ನಡೆಯುವುದು ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಇನ್‌ಫಮಿ ಎಂಬ ಕುಖ್ಯಾತಿಯ ಲೆಕ್ಕ ಇದೆ. ಅದು ಏರಿದಂತೆ ಹೊಸ ಹಡಗುಗಳ, ಆಯುಧಗಳ ನೀಲನಕ್ಷೆ ಸಿಗುತ್ತದೆ, ಅವು ನಿಜಕ್ಕೂ ಜಾಸ್ತಿ ಬಲದವು. ಇದರ ಪರಿಣಾಮ ಏನು? ಪಳಗಿದವನ ದೊಡ್ಡ ಹಡಗಿನ ಮುಂದೆ ಹೊಸಬ ನಿಲ್ಲಲಾರ. ಅದಕ್ಕೇ ಅಲ್ಲಿ ಆಟಗಾರರ ನಡುವಿನ ಕಾಳಗ ಒಪ್ಪಿಕೊಂಡು ಸೇರುವ ಸ್ಪರ್ಧೆಗಳಿಗೆ ಸೀಮಿತ. ಬಲ ಏರುವ ಏಣಿ ಕೊಟ್ಟರೆ ಬೇಲಿಯನ್ನೂ ಹಾಕಬೇಕಾಗುತ್ತದೆ. ಏಣಿ ಕೊಡದ ಸೀ ಆಫ್ ಥೀವ್ಸ್ ತನ್ನ ಮುಖ್ಯ ಕಡಲಿನಲ್ಲಿ ಹೊಸಬನನ್ನೂ ಲೆಜೆಂಡನ್ನೂ ಒಟ್ಟಿಗೆ ಬಿಟ್ಟಿದೆ. ಹೊಸಬನಿಗೆ ಅದು ಹಿತವಾಗಿರುತ್ತದೆ ಎಂದೇನಲ್ಲ. ಆಯುಧ ಸಮ ಇದ್ದರೂ ಕೈಚಳಕ ಸಮ ಇರುವುದಿಲ್ಲವಲ್ಲ.

ಯಾರ ಕಣ್ಣಲ್ಲಿ ಹೆಸರು?

ಒಂದು ಜಾಗ ಖಾಲಿ ಇದೆ, ಅದನ್ನು ಗಮನಿಸದೆ ಹೋಗಬೇಡಿ. ರೆಪ್ಯುಟೇಶನ್ ಎಲ್ಲ ಕಂಪನಿಗಳ ಬಳಿ ಇದೆ. ಆಟಗಾರರ ನಡುವೆ ಇಲ್ಲ. 2018ರ ಮೇ ತಿಂಗಳಲ್ಲಿ ಅಲಯನ್ಸ್ ಎಂಬ ಹಡಗುಗಳ ನಡುವಿನ ಮೈತ್ರಿ ಬಂತು. ಎರಡು ಹಡಗು ಒಪ್ಪಂದ ಮಾಡಿಕೊಂಡರೆ, ಒಬ್ಬರು ಮಾರಿದಾಗ ಅವರಿಗೆ ಪೂರ್ತಿ, ಜೊತೆಗಾರ ಹಡಗಿಗೆ ಅರ್ಧ ಬೆಲೆ. ಸುಮ್ನೆ ನೋಡಿದರೆ ಎಲ್ಲರಿಗೂ ಲಾಭ. ಆದರೆ ಜೊತೆಗಾರ ಕೊನೇ ಗಳಿಗೆಯಲ್ಲಿ ಒಪ್ಪಂದ ಮುರಿದು ನಿಮ್ಮ ಹಡಗಿಗೆ ಗುಂಡು ಹಾರಿಸಿದರೆ ಅವನ ಮೇಲೆ ಯಾವ ಕಪ್ಪು ಚುಕ್ಕೆಯೂ ಬೀಳುವುದಿಲ್ಲ. ನಾಳೆ ಇನ್ನೊಂದು ಹಡಗಿನ ಜೊತೆ ಅವನು ಹಲ್ಲುಕಿರಿಯುತ್ತಾ ಅಲಯನ್ಸ್ ಮಾಡಿಕೊಳ್ಳಬಹುದು.

ಇದು ಡಿಸೈನ್‌ನ ಕೊರತೆ ಎಂದು ಕೆಲವರು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಮೋಸಕ್ಕೆ ಅಂಕ ಇಟ್ಟ ತಕ್ಷಣ ಅಂಕ ನೋಡಿ ನಂಬುವ ಅಭ್ಯಾಸ ಬರುತ್ತದೆ. ಆಗ ಎದುರು ಹಡಗಿನವನ ದನಿ ಕೇಳಿ, ಅವನು ತೋಪಿನ ಹತ್ತಿರ ನಿಂತಿದ್ದಾನೋ ಚುಕ್ಕಾಣಿ ಹತ್ತಿರವೋ ನೋಡಿ, ಅಳೆಯುವ ಆಟವೇ ಇರುವುದಿಲ್ಲ. ಮೊದಲೇ ಸೇಡಿಗಾಗಿ ಸುಳ್ಳು ದೂರು ಕೊಡುವವರ ಕಾಟ ಬೇರೆ.

ಅಭ್ಯಾಸಕ್ಕೆ: ನಿಮಗೆ ಚೆನ್ನಾಗಿ ಗೊತ್ತಿರುವ ಯಾವುದಾದರೂ ಮಲ್ಟಿಪ್ಲೇಯರ್ ಆಟ ತಗೊಳ್ಳಿ, ಬಿಜಿಎಂಐ ಆದರೂ ಆದೀತು. ಕಾಗದದಲ್ಲಿ ಮೂರು ಸಾಲು ಮಾಡಿ. ಗಳಿಕೆ ಯಾವಾಗ ಕಣ್ಣಿಗೆ ಕಾಣುತ್ತದೆ, ಯಾವಾಗ ಖಾತೆಗೆ ಬೀಳುತ್ತದೆ, ಈ ಎರಡರ ನಡುವೆ ಅದನ್ನು ಯಾರು ಕಸಿಯಬಹುದು. ಆಮೇಲೆ ಆ ನಡುವಿನ ಸಮಯವನ್ನು ಎರಡು ಪಟ್ಟು ಮಾಡಿದರೆ ಆಟಗಾರರು ಏನು ಮಾಡುತ್ತಾರೆ ಎಂದು ಬರೆಯಿರಿ. ಬಿಜಿಎಂಐ ಆರಿಸಿಕೊಂಡವರು ಸೀಸನ್ ಮುಗಿದಾಗ ಶ್ರೇಣಿ ಇಳಿಯುವುದನ್ನು ಯಾವ ಸಾಲಿಗೆ ಹಾಕುತ್ತೀರಿ ಎಂದು ಯೋಚಿಸಿ. ಅಲ್ಲಿ ಕಸಿಯುವವನು ಇನ್ನೊಬ್ಬ ಆಟಗಾರನಲ್ಲ, ಕ್ಯಾಲೆಂಡರ್.