ಗಡ್ಡೆ ತೆಗೆಸಿದರೂ ಮತ್ತೆ ಬಂದಿದೆ, ಇನ್ನು ಗರ್ಭಚೀಲವನ್ನೇ ತೆಗೆಸಬೇಕಾ?

ಪ್ರಶ್ನೆ: ನನಗೆ 37 ವರ್ಷ, ಸೇಡಂ ತಾಲ್ಲೂಕಿನವಳು. ನನಗೆ ಒಬ್ಬಳೇ ಮಗಳಿದ್ದಾಳೆ. ನಾಲ್ಕು ವರ್ಷದ ಹಿಂದೆ ಗರ್ಭಚೀಲದ ಗಡ್ಡೆಯ ಆಪರೇಷನ್ ಆಯಿತು, ಚೀಲ ಉಳಿಸಿದ್ದರು. ಈಗ ಮತ್ತೆ ಮುಟ್ಟಿನಲ್ಲಿ ರಕ್ತ ಬಹಳ ಹೋಗುತ್ತಿದೆ. ಸ್ಕ್ಯಾನ್ ಮಾಡಿಸಿದರೆ ಮೂರು ಗಡ್ಡೆ ಅಂದರು. ‘ಮತ್ತೆ ಬಂತೆಂದರೆ ಚೀಲ ತೆಗೆಸುವುದೇ ದಾರಿ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಅಂತ ಎಲ್ಲರೂ ಹೇಳುತ್ತಾರೆ. ಬೇರೆ ದಾರಿ ಇಲ್ಲವೇ ಮೇಡಂ?

ಇದೆ ತಂಗಿ. ಒಂದಲ್ಲ, ನಾಲ್ಕೈದು ಇವೆ.

ಮೊದಲು ಆ ಕ್ಯಾನ್ಸರಿನ ಮಾತನ್ನು ತಲೆಯಿಂದ ತೆಗೆಯಿರಿ. ನಾರುಗಡ್ಡೆ, ಅಂದರೆ ಫೈಬ್ರಾಯ್ಡ್, ಗರ್ಭಚೀಲದ ಸ್ನಾಯುವಿನದೇ ಬೆಳವಣಿಗೆ. ಅದು ಬೆಳೆದು ಬೆಳೆದು ಕ್ಯಾನ್ಸರ್ ಆಗುವ ಜಾತಿಯದಲ್ಲ. ಗಡ್ಡೆಯ ಹಾಗೆ ಕಾಣುವ ಕ್ಯಾನ್ಸರ್ ಬೇರೆ ಇದೆ, ಅದು ತೀರ ಅಪರೂಪ. ಮುಟ್ಟು ನಿಂತ ಮೇಲೂ ಗಡ್ಡೆ ದೊಡ್ಡದಾಗುತ್ತಿದ್ದರೆ ನಾವು ಆ ಕಡೆ ಅನುಮಾನಪಡುತ್ತೇವೆ.

ಹಾಗಾದರೆ ತೆಗೆದದ್ದು ಮತ್ತೆ ಹೇಗೆ ಬಂತು? ಓಪಿಡಿಯಲ್ಲಿ ಇದನ್ನು ಕೇಳಿದವರಿಗೆ ಚೀಟಿಯ ಹಿಂದೆ ಒಂದು ಪೇರಲ ಹಣ್ಣಿನ ಚಿತ್ರ ಬರೆದು ತೋರಿಸುತ್ತೇನೆ. ಗರ್ಭಚೀಲ ಹೆಚ್ಚುಕಡಿಮೆ ಅದೇ ಆಕಾರ. ಆಪರೇಷನ್ನಿನಲ್ಲಿ ಕಣ್ಣಿಗೆ ಕಂಡ, ಬೆರಳಿಗೆ ಸಿಕ್ಕ ಗಡ್ಡೆಗಳನ್ನು ತೆಗೆಯುತ್ತಾರೆ. ತೊಗರಿ ಕಾಳಿನಷ್ಟಿದ್ದು ಸ್ನಾಯುವಿನ ಆಳದಲ್ಲಿ ಹುದುಗಿರುವುದು ಬೆರಳಿಗೆ ಸಿಗುವುದಿಲ್ಲ. ಅಂಡಾಶಯದ ಹಾರ್ಮೋನು ಇರುವ ತನಕ ಅದು ಬೆಳೆಯುತ್ತದೆ, ಹೊಸದೂ ಹುಟ್ಟುತ್ತದೆ. ಅಂದರೆ ಹಳೆಯದರ ಬೇರು ಉಳಿಯಿತೆಂದಲ್ಲ, ನೀವು ಬದನೆಕಾಯಿ ತಿಂದಿರೆಂದೂ ಅಲ್ಲ. ಗಡ್ಡೆ ತೆಗೆಸಿಕೊಂಡವರಿಗೆ ಐದು ವರ್ಷದ ಮೇಲೆ ಸ್ಕ್ಯಾನ್ ಮಾಡಿದರೆ ಸುಮಾರು ಅರ್ಧ ಮಂದಿಯಲ್ಲಿ ಮತ್ತೆ ಕಾಣುತ್ತವೆ. ಆದರೆ ಮತ್ತೊಂದು ಆಪರೇಷನ್ ಬೇಕಾಗುವವರು ಅದಕ್ಕಿಂತ ಬಹಳ ಕಡಿಮೆ. ಹೆಚ್ಚಿನವರಿಗೆ ಗಡ್ಡೆ ಇದ್ದರೂ ತೊಂದರೆ ಇರುವುದಿಲ್ಲ, ಮುಟ್ಟು ನಿಂತ ಮೇಲೆ ತಾನಾಗಿ ಕುಗ್ಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಒತ್ತಿ ಹೇಳಲೇಬೇಕು. 2015ರಲ್ಲಿ ಕಲಬುರಗಿಯ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಗರ್ಭಚೀಲ ತೆಗೆದ ಸಂಗತಿ ಹೊರಬಂತು. ಬಹುಪಾಲು ತಾಂಡಾಗಳ ಲಂಬಾಣಿಯರು, ದಲಿತರು. ಹೊಟ್ಟೆನೋವೆಂದು ಹೋದವರಿಗೂ ಕ್ಯಾನ್ಸರಿನ ಭಯ ಹಾಕಿದ್ದರು. ಆ ಹೆಣ್ಣುಮಕ್ಕಳು ನ್ಯಾಯ ಕೇಳಿ ಬೀದಿಗಿಳಿದರು. ಬೇಡದ ಗರ್ಭಚೀಲದ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು. ಆದರೂ ‘ಬಿಟ್ಟರೆ ಕ್ಯಾನ್ಸರ್’ ಎಂಬ ಮಾತು ಇವತ್ತಿಗೂ ನಿಮ್ಮ ಕಿವಿಗೆ ಬಿದ್ದಿದೆಯಲ್ಲ, ನನಗೆ ಸಂಕಟ ಆಗುವುದು ಅದಕ್ಕೇ.

ಈಗ ನಿಮ್ಮ ವಿಷಯ. ಗಡ್ಡೆಗಿಂತ ಮೊದಲು ರಕ್ತ ನೋಡಬೇಕು. ಕೆಳರೆಪ್ಪೆ ಎಳೆದು ನೋಡಿದರೆ ಕೆಂಪು ಇರಬೇಕಾದ ಕಡೆ ಸುಣ್ಣ ಬಳಿದ ಹಾಗೆ ಬಿಳಿಚಿರುತ್ತದೆ, ಹಿಮೋಗ್ಲೋಬಿನ್ ಏಳರ ಆಸುಪಾಸು, ಆದರೂ ಆಕೆ ಬೆಳಿಗ್ಗೆ ಎದ್ದು ರೊಟ್ಟಿ ಬಡಿದು ತೊಗರಿ ರಾಶಿಗೆ ಹೋಗಿ ಬಂದಿರುತ್ತಾಳೆ. ಇಂಥವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ಲಿಂಬೆಹಣ್ಣಿನ ಶರಬತ್ತಿನ ಜೊತೆ ನುಂಗಿ. ರಕ್ತ ತೀರ ಕಡಿಮೆ ಇದ್ದರೆ ಕಬ್ಬಿಣವನ್ನು ಸಲೈನಿನಲ್ಲಿ ಕೊಡುತ್ತಾರೆ. ಹೆಚ್ಚು ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆ ಸ್ರಾವವನ್ನು ಕಡಿಮೆ ಮಾಡುತ್ತದೆ, ಗಡ್ಡೆ ಕರಗಿಸುವುದಿಲ್ಲ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ ಅದು ಬೇಡ.

ಗಡ್ಡೆ ಚೀಲದ ಒಳಪದರವನ್ನು ಒತ್ತಿ ಆಕಾರ ಕೆಡಿಸಿಲ್ಲ ಎಂದಾದರೆ ಹಾರ್ಮೋನು ಇರುವ ಕಾಪರ್-ಟಿಯಂಥ ಸಾಧನ, ಮಿರೆನಾ, ನನಗೆ ಬಹಳ ಇಷ್ಟದ ದಾರಿ. ಮೊದಲ ಕೆಲವು ತಿಂಗಳು ಚೂರುಪಾರು ಕಲೆ ಕಾಣುತ್ತದೆ, ಆಮೇಲೆ ಸ್ರಾವ ತಗ್ಗುತ್ತದೆ. ಐದು ವರ್ಷ ಮತ್ತೆ ಚಿಂತೆ ಇಲ್ಲ. ಗಡ್ಡೆ ಇರುವವರಲ್ಲಿ ಅದು ಜಾರಿ ಹೊರಬರುವ ಸಂಭವ ಸ್ವಲ್ಪ ಹೆಚ್ಚು, ಅಷ್ಟು ಗೊತ್ತಿರಲಿ. ಗಡ್ಡೆ ಕುಗ್ಗಿಸುವ ಲ್ಯೂಪ್ರೊಲೈಡ್ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಆಪರೇಷನ್ನಿಗೆ ಮುಂಚೆ ಮೂರು ತಿಂಗಳು ಕೊಡುತ್ತೇವೆ. ಹೆಚ್ಚು ಕಾಲ ಕೊಟ್ಟರೆ ಮೂಳೆ ಸವೆಯುತ್ತದೆ, ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ.

ಇನ್ನೊಂದು ಮಗು ಬೇಕೇ? ಇದನ್ನು ನೀವು ಬರೆದಿಲ್ಲ, ಆದರೆ ಮುಂದಿನ ದಾರಿ ನಿಂತಿರುವುದು ಇದರ ಮೇಲೆಯೇ. ಬೇಕೆಂದರೆ ಮಿರೆನಾ ಈಗ ಬೇಡ. ಚೀಲದ ಒಳಗೆ ಚಾಚಿಕೊಂಡ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಕೆಳಗಿನಿಂದ ದುರ್ಬೀನು ಹಾಕಿ ಕೆರೆದು ತೆಗೆಯಬಹುದು. ಗೋಡೆಯೊಳಗಿನದಾದರೆ ಎರಡನೇ ಸಲ ಗಡ್ಡೆ ಮಾತ್ರ ತೆಗೆಯುವ ಆಪರೇಷನ್. ಮೊದಲ ಸಲಕ್ಕಿಂತ ಇದು ಕಷ್ಟ, ಕರುಳು ಹಳೆಯ ಗಾಯಕ್ಕೆ ಅಂಟಿಕೊಂಡಿರಬಹುದು. ಅದಕ್ಕೆ ಕೈ ಪಳಗಿದವರ ಹತ್ತಿರವೇ ಮಾಡಿಸಿ. ಮುಂದೆ ಹೆರಿಗೆ ಸಿಜೇರಿಯನ್ ಆಗಬಹುದೆಂದೂ ಈಗಲೇ ಕೇಳಿಕೊಳ್ಳಿ.

ಮಗು ಸಾಕು, ಚೀಲ ಮಾತ್ರ ಉಳಿಯಲಿ ಎನ್ನುವವರಿಗೆ ರಕ್ತನಾಳ ಮುಚ್ಚುವ ಚಿಕಿತ್ಸೆಯಿದೆ. 1995ರಲ್ಲಿ ಫ್ರಾನ್ಸಿನ ವೈದ್ಯರು ಇದನ್ನು ಗಡ್ಡೆಗೆ ಬಳಸಿದ ವರದಿ ಪ್ರಕಟಿಸಿದರು. ತೊಡೆಯ ಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದೊಳಗೆ ತೆಳ್ಳಗಿನ ನಳಿಕೆ ತೂರಿಸಿ, ಉಸುಕಿನಂಥ ಕಣ ಬಿಟ್ಟು ಗಡ್ಡೆಗೆ ಹೋಗುವ ರಕ್ತ ನಿಲ್ಲಿಸುತ್ತಾರೆ. ಮೊದಲ ದಿನ ನೋವು ಜೋರಾಗಿಯೇ ಇರುತ್ತದೆ, ನಂತರ ತಿಂಗಳುಗಳಲ್ಲಿ ಗಡ್ಡೆ ಸೊರಗುತ್ತದೆ. ಹಳೆಯ ಆಪರೇಷನ್ನಿನ ಅಂಟು ಇರುವ ನಿಮ್ಮಂಥವರಿಗೆ ಹೊಟ್ಟೆ ತೆರೆಯುವ ಗೋಜೇ ಇಲ್ಲದಿರುವುದು ದೊಡ್ಡ ಅನುಕೂಲ. ಇದನ್ನು ಮಾಡುವವರು ಸ್ತ್ರೀರೋಗ ತಜ್ಞರಲ್ಲ, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್. ಅವರು ಇರುವ ದೊಡ್ಡ ಆಸ್ಪತ್ರೆ ಎಲ್ಲಿದೆ ಎಂದು ಕೇಳಿ, ಹೈದರಾಬಾದಿಗೆ ಹೋಗಬೇಕಾದರೂ ಹೋಗಿ ಬನ್ನಿ. ಇದರ ನಂತರವೂ ಕೆಲವರಿಗೆ ಮತ್ತೆ ಚಿಕಿತ್ಸೆ ಬೇಕಾಗುತ್ತದೆ.

ಗರ್ಭಚೀಲ ತೆಗೆಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಗಡ್ಡೆ ಮತ್ತೆ ಬರಲಾರದೆಂಬ ಖಾತ್ರಿ ಇರುವುದು ಅದೊಂದಕ್ಕೇ. ಔಷಧಿಗೆ ಬಗ್ಗದ ಸ್ರಾವದಿಂದ ಬೇಸತ್ತು, ಎಲ್ಲ ತಿಳಿದುಕೊಂಡು ತಾವೇ ಆರಿಸಿಕೊಂಡವರು ನಿರಾಳವಾಗಿದ್ದಾರೆ. ಹಾಗೆ ತೀರ್ಮಾನಿಸಿದರೂ ಅಂಡಾಶಯ ಉಳಿಸುತ್ತೀರಾ ಎಂದು ಸಹಿ ಹಾಕುವ ಮುಂಚೆಯೇ ಕೇಳಿ. 37ಕ್ಕೆ ಅದನ್ನೂ ತೆಗೆದರೆ ಮರುದಿನವೇ ಮುಟ್ಟು ನಿಂತವರ ಸ್ಥಿತಿ, ಮೂಳೆಗೂ ಹೃದಯಕ್ಕೂ ಪೆಟ್ಟು.

ನಿಮ್ಮ ಸ್ಕ್ಯಾನ್ ರಿಪೋರ್ಟನ್ನು ಇನ್ನೊಮ್ಮೆ ತೆಗೆದು ನೋಡಿ. ಮೂರು ಗಡ್ಡೆ ಎಂದಷ್ಟೇ ಇದ್ದರೆ ಸಾಲದು. ಒಂದೊಂದರ ಅಳತೆ ಎಷ್ಟು, ಗೋಡೆಯಲ್ಲಿದೆಯೋ ಹೊರಮೈಯಲ್ಲಿದೆಯೋ, ಒಳಪದರವನ್ನು ಮುಟ್ಟುತ್ತಿದೆಯೋ ಎಂಬುದು ಬರೆದಿರಬೇಕು. ಇಲ್ಲದಿದ್ದರೆ ಬರೆಸಿಕೊಳ್ಳಿ. ಅದರ ಜೊತೆ ನಾಲ್ಕು ವರ್ಷದ ಹಿಂದಿನ ಡಿಸ್ಚಾರ್ಜ್ ಕಾರ್ಡ್ ಹಿಡಿದು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲೋ ಬೇರೆ ಕಡೆಯೋ ಎರಡನೇ ವೈದ್ಯರನ್ನು ಕಾಣಿ. ಅಷ್ಟರೊಳಗೆ ತಾಸಿಗೊಂದು ಪ್ಯಾಡ್ ತೊಯ್ದು, ಕಣ್ಣು ಕತ್ತಲೆ ಬಂದರೆ ಮಾತ್ರ ರಿಪೋರ್ಟಿಗಾಗಿ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.