ಫೋನಿನಲ್ಲಿ ಡಿಲೀಟ್ ಆದ ಫೈಲ್ ಎಲ್ಲಿ ಹೋಗುತ್ತದೆ, ಎಲ್ಲಿಂದ ವಾಪಸ್ ಬರುತ್ತದೆ: ನನ್ನ ಅಧ್ಯಯನ ಟಿಪ್ಪಣಿ

2024ರ ಶ್ರಾವಣ ಹಿಡಿದ ವಾರ ಚಿಕ್ಕಮ್ಮನ ಫೋನ್ ಬಂತು. "ಮಗಾ, ಅಜ್ಜಿ ಪದದ ಪುಸ್ತಕದ ಫೋಟೊ ಎಲ್ಲಾ ಹೋಯ್ತು ಕಣೋ. ಸ್ಟೋರೇಜ್ ಫುಲ್ ಅಂತ ತೋರಿಸ್ತಿತ್ತು, ಒರೆಸಿಬಿಟ್ಟೆ." ಅಜ್ಜಿ ಕೈಯಾರೆ ಬರೆದ ಸೋಬಾನೆ ಪದಗಳ ನೋಟ್‌ಬುಕ್ ಅದು. ಗೆದ್ದಲು ತಿನ್ನುವುದಕ್ಕೆ ಮೊದಲು ಚಿಕ್ಕಮ್ಮ ಒಂದೊಂದು ಪುಟವನ್ನೂ ಕಿಟಕಿಯ ಬೆಳಕಿಗೆ ಹಿಡಿದು ಫೋಟೊ ತೆಗೆದಿದ್ದರು, ಒಟ್ಟು 46. ಪುಸ್ತಕ ಈಗ ಇಲ್ಲ. ಮೊಬೈಲ್ ರಿಪೇರಿ ಕಲಿಯಲು ಸೇರಿ ನನಗೆ ಆಗಿನ್ನೂ ನಾಲ್ಕು ತಿಂಗಳು. ಆ ವಾರ ಓದಿದ್ದು, ಮಾಡಿ ನೋಡಿದ್ದು, ಆಮೇಲೆ ತಿದ್ದಿಕೊಂಡದ್ದು ಎಲ್ಲವನ್ನೂ ಜೊತೆಯಲ್ಲಿ ಕಲಿಯುತ್ತಿರುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. "ಡಿಲೀಟ್ ಆದದ್ದನ್ನು ತೆಗೆದುಕೊಡಿ" ಎಂದು ಯಾರಾದರೂ ಫೋನ್ ಕೊಟ್ಟರೆ ಕೈ ಸಾಫ್ಟ್‌ವೇರ್ ಕಡೆ ಹೋಗಬಾರದು. ಬಾಯಲ್ಲಿ ಪ್ರಶ್ನೆ ಬರಬೇಕು: ಯಾವ ಆ್ಯಪ್‌ನಿಂದ ಅಳಿಸಿದಿರಿ, ಯಾವತ್ತು, ಆ ಫೈಲ್ ಇನ್ಯಾರಿಗಾದರೂ ಕಳಿಸಿದ್ದಿರಾ? ಇವತ್ತಿನ ಫೋನಿನ ಒಳಗಿನ ಮೆಮೊರಿಯಿಂದ ನಿಜವಾಗಿ ಅಳಿದದ್ದು ಬಹುಪಾಲು ಹೋದಂತೆಯೇ. ಸಿಗುವುದೆಲ್ಲ ಇನ್ನೂ ಪೂರ್ತಿ ಅಳಿಯದ ಪ್ರತಿ, ಇಲ್ಲವೇ ಬೇರೆಲ್ಲೋ ಉಳಿದ ಪ್ರತಿ. ಹಾಗಾಗಿ ನಮ್ಮ ಕೆಲಸ ಹೆಚ್ಚಾಗಿ ಹುಡುಕುವುದು.

ಯಾಕೆ ವಾಪಸ್ ಬರುವುದಿಲ್ಲ

ಹಳೆಯ ಕಂಪ್ಯೂಟರ್ ಪಾಠಗಳಲ್ಲಿ, ಫೈಲ್ ಅಳಿಸಿದರೂ ಒಳಗಿನ ಡೇಟಾ ಹಾಗೇ ಇರುತ್ತದೆ ಎಂದು ಹೇಳಿಕೊಡುತ್ತಾರೆ. ಹಾರ್ಡ್ ಡಿಸ್ಕ್‌ಗೆ ಅದು ಸರಿಯೇ. ಪಹಣಿಯಿಂದ ಒಬ್ಬರ ಹೆಸರು ತೆಗೆದುಹಾಕಿದರೆ ಹೊಲದಲ್ಲಿರುವ ಬೆಳೆ ಕೂಡಲೇ ಮಾಯವಾಗುವುದಿಲ್ಲ. ಇನ್ನೊಬ್ಬರು ಬಂದು ಉಳುವ ತನಕ ನಿಂತೇ ಇರುತ್ತದೆ. ಡಿಸ್ಕ್‌ನಲ್ಲೂ ಹಾಗೆ. ಹೆಸರಿನ ಪಟ್ಟಿಯಲ್ಲಿ ಗುರುತು ಬದಲಾಗುತ್ತದೆ, ಜಾಗ "ಖಾಲಿ" ಎನಿಸಿಕೊಳ್ಳುತ್ತದೆ, ಡೇಟಾ ಹೊಸದು ಬಂದು ಕೂರುವವರೆಗೆ ಇರುತ್ತದೆ.

ಫೋನಿನಲ್ಲಿರುವುದು ಫ್ಲ್ಯಾಶ್ ಮೆಮೊರಿ. ಒಮ್ಮೆ ಬರೆದ ಜಾಗದ ಮೇಲೆ ಅದರಲ್ಲಿ ನೇರವಾಗಿ ಮತ್ತೆ ಬರೆಯಲಾಗದು, ಮೊದಲು ಇಡೀ ಬ್ಲಾಕನ್ನು ಅಳಿಸಬೇಕು. ಬರೆಯುವ ಹೊತ್ತಿಗೆ ಅಳಿಸುತ್ತ ಕೂತರೆ ಫೋನ್ ನಿಧಾನವಾಗುತ್ತದೆ. ಅದಕ್ಕೆ ಯಾವ ಜಾಗ ಬೇಡವಾಗಿದೆ ಎಂದು ಸಿಸ್ಟಮ್ ಮುಂಚೆಯೇ ಮೆಮೊರಿಗೆ ಹೇಳಿಬಿಡುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ. 2013ರಲ್ಲಿ ಬಂದ ಆಂಡ್ರಾಯ್ಡ್ 4.3ರಿಂದ ಈ ಕೆಲಸ ತಾನಾಗಿ ನಡೆಯುತ್ತಿದೆ, ಅದೂ ಫೋನ್ ಸುಮ್ಮನೆ ಬಿದ್ದಿರುವಾಗ. ರಾತ್ರಿ ಚಾರ್ಜಿಗೆ ಹಾಕಿ ಮಲಗಿದಿರಿ ಎಂದರೆ, ಹೆಸರು ತೆಗೆದ ಹೊಲವನ್ನು ಫೋನೇ ಉತ್ತು ಹಾಕಿತು ಎಂದು ತಿಳಿಯಿರಿ.

ಎರಡನೆಯ ಕಾರಣ ಎನ್‌ಕ್ರಿಪ್ಷನ್, ಅಂದರೆ ಗೂಢಲಿಪಿ. ಫೈಲ್ ಮಟ್ಟದ ಎನ್‌ಕ್ರಿಪ್ಷನ್ ಆಂಡ್ರಾಯ್ಡ್ 7ರಲ್ಲಿ ಬಂತು. ಆಂಡ್ರಾಯ್ಡ್ 10ರೊಂದಿಗೆ ಹೊಸದಾಗಿ ಬಿಡುಗಡೆಯಾಗುವ ಫೋನುಗಳಿಗೆ ಕಡ್ಡಾಯವಾಯಿತು. ಐಫೋನ್‌ನಲ್ಲಂತೂ ಪ್ರತಿ ಫೈಲಿಗೂ ಬೇರೆ ಬೇರೆ ಕೀಲಿ ಇರುತ್ತದೆ, ಫೈಲ್ ಅಳಿದರೆ ಅದರ ಕೀಲಿಯೂ ಜೊತೆಗೇ ಹೋಗುತ್ತದೆ. ಚಿಪ್ ಬಿಚ್ಚಿ ಬೇರೆ ಯಂತ್ರದಲ್ಲಿ ಓದಿದರೂ ಸಿಗುವುದು ಅರ್ಥವಿಲ್ಲದ ಬೈಟ್‌ಗಳ ರಾಶಿ. ಫ್ಯಾಕ್ಟರಿ ರೀಸೆಟ್ ಮಾಡಿದ ಫೋನಿನಿಂದ ಫೋಟೊ ತೆಗೆಯಲಾಗದು ಎನ್ನುವುದೂ ಇದೇ ಕಾರಣಕ್ಕೆ: ರೀಸೆಟ್ ಕೀಲಿಗಳನ್ನೇ ನಾಶಮಾಡುತ್ತದೆ.

ಇನ್ನು, ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರಿನ ರಿಕವರಿ ಸಾಫ್ಟ್‌ವೇರ್‌ನಲ್ಲಿ ಸ್ಕ್ಯಾನ್ ಮಾಡೋಣ ಎಂದು ನಾನೂ ಹೊರಟಿದ್ದೆ. ಫೋನ್ ಡ್ರೈವ್ ಪಟ್ಟಿಯಲ್ಲಿ ಕಾಣಿಸಲೇ ಇಲ್ಲ. ಈಗಿನ ಫೋನುಗಳು ಎಂಟಿಪಿ ಎಂಬ ವಿಧಾನದಲ್ಲಿ ಮಾತಾಡುತ್ತವೆ. ಇರುವ ಫೈಲುಗಳ ಪಟ್ಟಿ ಕೊಡುತ್ತವೆ, ಕೇಳಿದ್ದನ್ನು ಎತ್ತಿಕೊಡುತ್ತವೆ, ಖಾಲಿ ಜಾಗವನ್ನು ಇಣುಕಿ ನೋಡಲು ಬಿಡುವುದಿಲ್ಲ. "ಹಾಗಾದರೆ ರೂಟ್ ಮಾಡಿ" ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ರೂಟ್ ಎಂದರೆ ಫೋನಿನ ಸಿಸ್ಟಮ್ ಮೇಲೆ ಪೂರ್ತಿ ಅಧಿಕಾರ ಪಡೆಯುವುದು. ಅದಕ್ಕೆ ಸಾಮಾನ್ಯವಾಗಿ ಬೂಟ್‌ಲೋಡರನ್ನು, ಅಂದರೆ ಫೋನ್ ಆನ್ ಆಗುವಾಗ ಮೊದಲು ಓಡುವ ಪ್ರೋಗ್ರಾಮನ್ನು, ಅನ್‌ಲಾಕ್ ಮಾಡಬೇಕು, ಅನ್‌ಲಾಕ್ ಮಾಡಿದ ಕೂಡಲೇ ಫೋನಿನ ಡೇಟಾ ಪೂರ್ತಿ ಅಳಿಯುತ್ತದೆ. ಹುಡುಕಲು ಹೊರಟದ್ದನ್ನು ನಾವೇ ಮುಗಿಸಿದಂತೆ.

ಕಸದಬುಟ್ಟಿ, ಮತ್ತು ಅದರೊಳಗಿನ ಲೆಕ್ಕ

ಚಿಕ್ಕಮ್ಮನಿಗೆ ನಾನು ಹೇಳಿದ ಮೊದಲ ಮಾತು ಇದು: "ಚಿಕ್ಕಮ್ಮ, ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಯಾವ ಆ್ಯಪೂ ಹಾಕ್ಬೇಡಿ, ಫೋಟೊ ತೆಗೀಬೇಡಿ. ಭಾನುವಾರ ಬರ್ತೀನಿ." ನೆಟ್ ನಿಲ್ಲಿಸಿದರೆ ವಾಟ್ಸ್‌ಆ್ಯಪ್‌ನ ಹೊಸ ವಿಡಿಯೊಗಳು ಬಂದು ತುಂಬಿಕೊಳ್ಳುವುದು ನಿಲ್ಲುತ್ತದೆ, ಈ ಫೋನಿನಲ್ಲಿ ಅಳಿಸಿದ್ದು ಬೇರೆ ಕಡೆಯೂ ಅಳಿಯುವುದು ತಡವಾಗುತ್ತದೆ.

ಈಗಿನ ಗ್ಯಾಲರಿಗಳು ಅಳಿಸಿದ್ದನ್ನು ಕೂಡಲೇ ಎಸೆಯುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರ 60 ದಿನ, ಬ್ಯಾಕಪ್ ಆಗದ್ದು 30 ದಿನ ಉಳಿಯುತ್ತದೆ. ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ 30 ದಿನ. ಐಫೋನ್‌ನಲ್ಲಿ "ಇತ್ತೀಚೆಗೆ ಅಳಿಸಿದ್ದು" ಎಂಬ ಆಲ್ಬಮ್‌ನಲ್ಲಿ 30 ದಿನ. ಗೂಗಲ್ ಡ್ರೈವ್ ಮತ್ತು ಫೈಲ್ಸ್ ಬೈ ಗೂಗಲ್‌ನಲ್ಲೂ 30 ದಿನವೇ. ಒಂದು ಆ್ಯಪ್‌ನ ಬುಟ್ಟಿ ಇನ್ನೊಂದಕ್ಕೆ ಕಾಣದೇ ಇರಬಹುದು. ಅದಕ್ಕೇ ಯಾವ ಆ್ಯಪ್‌ನಿಂದ ಅಳಿಸಿದ್ದು ಎಂಬ ಪ್ರಶ್ನೆ ಮೊದಲು ಕೇಳಬೇಕು.

ಚಿಕ್ಕಮ್ಮನ ಫೋನಿನಲ್ಲಿ ಫೈಲ್ ಮ್ಯಾನೇಜರ್ ತೆರೆದು, ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಒತ್ತಿ, ಕ್ಯಾಮೆರಾ ಫೋಲ್ಡರ್‌ಗೆ ಹೋದೆ. ಅಲ್ಲಿ ಕಂಡದ್ದನ್ನು ನಾನು ಮರೆಯುವುದಿಲ್ಲ. ಅಳಿಸಿದ ಫೋಟೊಗಳು ಅದೇ ಫೋಲ್ಡರಿನಲ್ಲಿ, ಇದ್ದ ಜಾಗದಲ್ಲೇ ಇದ್ದವು. ಹೆಸರು ಮಾತ್ರ ಬದಲಾಗಿತ್ತು. ಮೊದಲಿಗೆ ಒಂದು ಚುಕ್ಕೆ, ಆಮೇಲೆ "ಟ್ರ್ಯಾಶ್ಡ್" ಎಂಬ ಪದ, ಒಂದು ಅಡ್ಡಗೆರೆ, ಹತ್ತು ಅಂಕಿಗಳ ಸಂಖ್ಯೆ, ಮತ್ತೆ ಅಡ್ಡಗೆರೆ, ಕೊನೆಗೆ ಹಳೆಯ ಹೆಸರು. ಹೆಸರು ಚುಕ್ಕೆಯಿಂದ ಶುರುವಾದರೆ ಆಂಡ್ರಾಯ್ಡ್ ಅದನ್ನು ಅಡಗಿದ ಫೈಲ್ ಎಂದು ಪರಿಗಣಿಸುತ್ತದೆ. ಆಂಡ್ರಾಯ್ಡ್ 11ರಿಂದ ಸಿಸ್ಟಮ್ಮಿನಲ್ಲೇ ಇರುವ ಕಸದಬುಟ್ಟಿ ವ್ಯವಸ್ಥೆ ಇದು. ಸ್ವಂತ ಬುಟ್ಟಿ ಇಟ್ಟುಕೊಂಡ ಗ್ಯಾಲರಿಗಳಲ್ಲಿ ಹೆಸರು, ಜಾಗ ಬೇರೆ ಇರುತ್ತದೆ.

ಆ ಹತ್ತಂಕಿ ಏನು? ನಾನು ಕಂಡ ಒಂದು ಸಂಖ್ಯೆ 1725000000. ಅದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ನಮ್ಮ ಸಮಯಕ್ಕೆ ತಿರುಗಿಸಿದರೆ 2024ರ ಆಗಸ್ಟ್ 30, ಮಧ್ಯಾಹ್ನ 12 ಗಂಟೆ 10 ನಿಮಿಷ. ಅಂದರೆ ಆ ಫೋಟೊ ಶಾಶ್ವತವಾಗಿ ಅಳಿಯಬೇಕಾದ ಗಳಿಗೆ. ಅದರಿಂದ 30 ದಿನ, ಅಂದರೆ 25,92,000 ಸೆಕೆಂಡು ಕಳೆದರೆ ಜುಲೈ 31ರ ಮಧ್ಯಾಹ್ನ. ಚಿಕ್ಕಮ್ಮನನ್ನು ಕೇಳಿದೆ. "ಹೌದು, ಅಡುಗೆ ಮುಗಿಸಿ ಕೂತಾಗ" ಅಂದರು. ನೀವೂ ನಿಮ್ಮ ಫೋನಿನಲ್ಲಿ ಬೇಡದ ಒಂದು ಫೋಟೊ ಅಳಿಸಿ ಈ ಸಂಖ್ಯೆಯನ್ನು ಹುಡುಕಿ, ಲೆಕ್ಕ ಹಾಕಿ ನೋಡಿ. ಓದಿದ್ದಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ. ವಾಪಸ್ ತರುವಾಗ ಹೆಸರು ತಿದ್ದುತ್ತ ಕೂರಬೇಡಿ, ಆ್ಯಪ್‌ನ ಬುಟ್ಟಿಗೆ ಹೋಗಿ "ಮರುಸ್ಥಾಪಿಸಿ" ಒತ್ತಿದರೆ ಸಾಕು.

ಹೀಗೆ ಸಿಕ್ಕದ್ದು 31 ಪುಟ. ಉಳಿದ 15ನ್ನು ಚಿಕ್ಕಮ್ಮ, ಬುಟ್ಟಿಯಲ್ಲಿದ್ದರೂ ಜಾಗ ತಿನ್ನುತ್ತದೆಂದು, ಅಲ್ಲಿಂದಲೂ ತೆಗೆದುಹಾಕಿದ್ದರು.

ಬ್ಯಾಕಪ್ ಬೇರೆ, ಸಿಂಕ್ ಬೇರೆ

ಬ್ಯಾಕಪ್ ಎಂದರೆ ಬೇರೆ ಕಡೆ ಎತ್ತಿಟ್ಟ ಪ್ರತಿ. ಸಿಂಕ್ ಎಂದರೆ ಒಂದು ಕಡೆ ಮಾಡಿದ ಬದಲಾವಣೆ ಎಲ್ಲ ಕಡೆಯೂ ಆಗುವುದು. ಇಲ್ಲಿ ಎಡವಿದವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. "ಗೂಗಲ್‌ನಲ್ಲಿ ಇದೆಯಲ್ಲ" ಎಂದು ನಂಬಿ ಗೂಗಲ್ ಫೋಟೋಸ್ ಆ್ಯಪ್‌ನಲ್ಲೇ ಅಳಿಸುತ್ತಾರೆ. ಅಲ್ಲಿ ಅಳಿಸಿದರೆ ಖಾತೆಯಿಂದಲೂ ಹೋಗುತ್ತದೆ. ಫೋನಿನಲ್ಲಿ ಮಾತ್ರ ಜಾಗ ಮಾಡಿಕೊಳ್ಳಬೇಕಾದರೆ ಅದೇ ಆ್ಯಪ್‌ನಲ್ಲಿ ಜಾಗ ಖಾಲಿ ಮಾಡುವ ಬೇರೆ ಬಟನ್ ಇದೆ. ಅದು ಬ್ಯಾಕಪ್ ಆದ ಚಿತ್ರಗಳ ಫೋನ್ ಪ್ರತಿಯನ್ನಷ್ಟೇ ತೆಗೆಯುತ್ತದೆ. ಐಕ್ಲೌಡ್ ಫೋಟೋಸ್ ಕೂಡ ಹೀಗೆಯೇ, ಒಂದು ಕಡೆ ಅಳಿಸಿದರೆ ಆ ಖಾತೆಯ ಎಲ್ಲ ಸಾಧನಗಳಲ್ಲೂ ಅಳಿಯುತ್ತದೆ.

ಫೋನ್ ನಂಬರುಗಳು ಅಳಿದಿದ್ದರೆ ಗಾಬರಿ ಬೇಡ. ಗೂಗಲ್ ಖಾತೆಯಲ್ಲಿ ಉಳಿಸಿದ್ದವಾದರೆ ಗೂಗಲ್ ಕಾಂಟ್ಯಾಕ್ಟ್ಸ್‌ನ ಬುಟ್ಟಿಯಲ್ಲಿ 30 ದಿನ ಇರುತ್ತವೆ. ಮಾರ್ಕ್ಸ್ ಕಾರ್ಡ್, ಆರ್‌ಸಿ, ಪಹಣಿಯ ಪಿಡಿಎಫ್ ಹೋಗಿದ್ದರೆ ಅದನ್ನು ಹುಡುಕುತ್ತ ದಿನ ಕಳೆಯಬೇಡಿ. ಡಿಜಿಲಾಕರ್‌ನಿಂದ, ಭೂಮಿ ಜಾಲತಾಣದಿಂದ ಹೊಸದಾಗಿ ಇಳಿಸಿಕೊಳ್ಳುವುದು ಬೇಗ.

ವಾಟ್ಸ್‌ಆ್ಯಪ್ ಎಂಬ ಎರಡನೇ ಕಪಾಟು

ನಮ್ಮ ಮನೆಗಳಲ್ಲಿ ಯಾವ ಫೋಟೊವೂ ಒಂದೇ ಫೋನಿನಲ್ಲಿ ಇರುವುದಿಲ್ಲ. ತೆಗೆದ ಅರ್ಧ ಗಂಟೆಯಲ್ಲಿ ಫ್ಯಾಮಿಲಿ ಗ್ರೂಪಿಗೆ ಹೋಗಿರುತ್ತದೆ. ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಕಳಿಸಿದ ಚಿತ್ರದ ಪ್ರತಿಯನ್ನೂ ಇಟ್ಟುಕೊಳ್ಳುತ್ತದೆ: ಆಂಡ್ರಾಯ್ಡ್ ಫೋಲ್ಡರ್, ಅದರೊಳಗೆ ಮೀಡಿಯಾ, ಅದರೊಳಗೆ ಕಾಮ್.ವಾಟ್ಸ್‌ಆ್ಯಪ್, ಅದರೊಳಗೆ ವಾಟ್ಸ್‌ಆ್ಯಪ್ ಹೆಸರಿನ ಫೋಲ್ಡರ್, ಮತ್ತೆ ಮೀಡಿಯಾ, ಆಮೇಲೆ ವಾಟ್ಸ್‌ಆ್ಯಪ್ ಇಮೇಜಸ್, ಅದರೊಳಗೆ "ಸೆಂಟ್". ಈ ಸೆಂಟ್ ಫೋಲ್ಡರಿನ ಚಿತ್ರಗಳು ಗ್ಯಾಲರಿಯಲ್ಲಿ ಕಾಣುವುದಿಲ್ಲ, ಹಾಗಾಗಿ ಸ್ಟೋರೇಜ್ ಒರೆಸುವವರ ಕಣ್ಣಿಗೆ ಬೀಳದೆ ಎಷ್ಟೋ ಸಲ ಉಳಿದಿರುತ್ತವೆ.

ಚಾಟ್ ಸಂದೇಶಗಳೇ ಅಳಿದಿದ್ದರೆ ವಿಷಯ ಬೇರೆ. ದಿನವೂ ಬೆಳಗಿನ ಜಾವ 2 ಗಂಟೆಗೆ ವಾಟ್ಸ್‌ಆ್ಯಪ್ ಫೋನಿನೊಳಗೇ ಒಂದು ಬ್ಯಾಕಪ್ ಮಾಡುತ್ತದೆ, ಡೇಟಾಬೇಸಸ್ ಫೋಲ್ಡರಿನಲ್ಲಿ ಹಿಂದಿನ ಏಳು ದಿನಗಳವು ಇರುತ್ತವೆ. ಗೂಗಲ್ ಖಾತೆಗೆ ಬ್ಯಾಕಪ್ ಇಟ್ಟುಕೊಂಡಿದ್ದರೆ ಹೊಸದು ಬಂದಾಗ ಹಳೆಯದರ ಜಾಗ ಹೋಗುತ್ತದೆ. ಹಾಗಾಗಿ ಗೂಗಲ್ ಬ್ಯಾಕಪ್ ಒಂದನ್ನೇ ನಂಬಿದರೆ, ಚಾಟ್ ಅಳಿಸಿದವರಿಗೆ ಮುಂದಿನ ಬ್ಯಾಕಪ್ ಆಗುವವರೆಗೆ ಮಾತ್ರ ಸಮಯ. ವಾಟ್ಸ್‌ಆ್ಯಪ್ ತೆಗೆದು ಮತ್ತೆ ಹಾಕಿ, ಅದೇ ನಂಬರ್, ಅದೇ ಖಾತೆಯಲ್ಲಿ ರಿಸ್ಟೋರ್ ಕೊಟ್ಟರೆ ಹಳೆಯ ಚಾಟ್ ಬರುತ್ತದೆ. ಆದರೆ ಬ್ಯಾಕಪ್ ಆದ ಮೇಲೆ ಬಂದ ಸಂದೇಶಗಳು ಹೋಗುತ್ತವೆ. ಅದನ್ನು ಫೋನಿನವರಿಗೆ ಮುಂಚೆಯೇ ಹೇಳಿ, ಒಪ್ಪಿಗೆ ಪಡೆದು, ಡೇಟಾಬೇಸಸ್ ಫೋಲ್ಡರನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಂಡೇ ಮುಟ್ಟಿ.

ಚಿಕ್ಕಮ್ಮನ ಸೆಂಟ್ ಫೋಲ್ಡರ್ ಖಾಲಿ. ಆದರೆ ಬೆಂಗಳೂರಿನಲ್ಲಿರುವ ದೊಡ್ಡಮ್ಮನ ಮಗಳಿಗೆ ಕೆಲವು ಪುಟ ಕಳಿಸಿದ ನೆನಪಿತ್ತು. ಅಕ್ಕನ ಫೋನಿನಲ್ಲಿ 11 ಪುಟ ಸಿಕ್ಕವು. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುವುದರಿಂದ ಪೆನ್ಸಿಲಿನ ತೆಳು ಒತ್ತಕ್ಷರಗಳು ಮಸುಕಾಗಿದ್ದವು. ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಮೂಲದ ಪ್ರತಿಯೇ ಹೋಗುತ್ತಿತ್ತು. ನಾಳೆ ಯಾರಾದರೂ ಹಳೆಯ ಕಾಗದಪತ್ರದ ಫೋಟೊ ಹಂಚುವುದನ್ನು ಕಂಡರೆ ಇದೊಂದು ಹೇಳಿಕೊಡಿ.

ಮೆಮೊರಿ ಕಾರ್ಡ್ ಆದರೆ ಆಸೆ ಇಟ್ಟುಕೊಳ್ಳಬಹುದು

ನಾವು ಕಲಿಯುವ "ರಿಕವರಿ" ನಿಜವಾಗಿ ನಡೆಯುವುದು ಎಸ್‌ಡಿ ಕಾರ್ಡಿನಲ್ಲಿ. ಸಾಮಾನ್ಯ ಸಂಗ್ರಹವಾಗಿ ಬಳಸಿದ ಕಾರ್ಡಿಗೆ ಬಹುತೇಕ ಎನ್‌ಕ್ರಿಪ್ಷನ್ ಇರುವುದಿಲ್ಲ. ಫ್ಯಾಟ್32 ಎಂಬ ಕ್ರಮದಲ್ಲಿ ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಫೈಲ್ ಅಳಿಸಿದಾಗ ಪಟ್ಟಿಯಲ್ಲಿ ಅದರ ಹೆಸರಿನ ಮೊದಲ ಬೈಟ್ ಇ5 ಎಂಬ ಸಂಕೇತಕ್ಕೆ ಬದಲಾಗುತ್ತದೆ, ಆ ಜಾಗ ಖಾಲಿ ಎಂಬ ಗುರುತು ಬೀಳುತ್ತದೆ, ಡೇಟಾ ನಿಂತಿರುತ್ತದೆ. ಫೋಟೊರೆಕ್ ಎಂಬ ಉಚಿತ, ಮುಕ್ತ ತಂತ್ರಾಂಶ ಹೆಸರಿನ ಪಟ್ಟಿಯನ್ನು ನೋಡುವುದೇ ಇಲ್ಲ. ಕಾರ್ಡಿನ ಉದ್ದಕ್ಕೂ ಬೈಟ್‌ಗಳನ್ನು ಓದುತ್ತ ಹೋಗುತ್ತದೆ. ಎಫ್‌ಎಫ್, ಡಿ8, ಎಫ್‌ಎಫ್ ಎಂದು ಮೂರು ಬೈಟ್ ಸಾಲಾಗಿ ಕಂಡರೆ ಅಲ್ಲಿ ಜೆಪೆಗ್ ಮಾದರಿಯ ಫೋಟೊ ಶುರುವಾಯಿತು ಎಂದು ಹಿಡಿಯುತ್ತದೆ. ಹೆಸರು ಹೋದ ಮೇಲೂ ಮುಖ ನೋಡಿ ಗುರುತು ಹಿಡಿದಂತೆ. ಅದಕ್ಕೇ ಸಿಕ್ಕ ಫೈಲುಗಳಿಗೆ ಹಳೆಯ ಹೆಸರು ಇರುವುದಿಲ್ಲ, ತುಂಡು ತುಂಡಾಗಿ ಬೇರೆ ಬೇರೆ ಕಡೆ ಬರೆದಿದ್ದ ದೊಡ್ಡ ವಿಡಿಯೊಗಳು ಅರ್ಧಕ್ಕೇ ಕೆಡುತ್ತವೆ.

ಕಾರ್ಡನ್ನು ಫೋನಿನಿಂದ ತೆಗೆದು ಅಡಾಪ್ಟರಿಗೆ ಹಾಕಿ, ಅಡಾಪ್ಟರಿನ ಪಕ್ಕದ ಪುಟ್ಟ ಲಾಕ್ ಗುಂಡಿಯನ್ನು ಕೆಳಕ್ಕೆ ಜಾರಿಸಿ; ಬಹಳಷ್ಟು ರೀಡರುಗಳು ಆಗ ಬರೆಯಲು ಬಿಡುವುದಿಲ್ಲ. "ಫಾರ್ಮ್ಯಾಟ್ ಮಾಡಲೇ" ಎಂದು ಕಂಪ್ಯೂಟರ್ ಕೇಳಿದರೆ ಬೇಡ ಅನ್ನಿ. ಸಿಕ್ಕದ್ದನ್ನು ಅದೇ ಕಾರ್ಡಿಗೆ ಉಳಿಸಬೇಡಿ. ಕಾರ್ಡನ್ನು ಫೋನಿನ ಒಳಸಂಗ್ರಹವಾಗಿ ಫಾರ್ಮ್ಯಾಟ್ ಮಾಡಿದ್ದರೆ ಮಾತ್ರ ಇದಾವುದೂ ನಡೆಯದು, ಆಗ ಅದಕ್ಕೂ ಆ ಫೋನಿನ ಗೂಢಲಿಪಿ ಇರುತ್ತದೆ.

ರಿಕವರಿ ಆ್ಯಪ್‌ಗಳ ಬಗ್ಗೆ

ಪ್ಲೇ ಸ್ಟೋರ್‌ನಲ್ಲಿ ಸಿಗುವ ಇಂಥ ಆ್ಯಪ್‌ಗಳನ್ನು ಹಾಕಿದರೆ ಸಾವಿರಾರು ಚಿತ್ರ ತೋರಿಸುತ್ತವೆ, ನೋಡಿದವರ ಮುಖ ಅರಳುತ್ತದೆ. ತೆರೆದು ನೋಡಿ: ಬಹಳಷ್ಟು ಬರೀ ಥಂಬ್‌ನೇಲ್, ಅಂದರೆ ಗ್ಯಾಲರಿ ಬೇಗ ತೋರಿಸಲೆಂದು ಮಾಡಿಟ್ಟ ಚಿಕ್ಕ ಚಿತ್ರ. ಉಳಿದವು ಅಳಿಯದೇ ಇರುವ ಫೋಟೊಗಳೇ. ರೂಟ್ ಇಲ್ಲದ ಫೋನಿನಲ್ಲಿ ಖಾಲಿ ಜಾಗವನ್ನು ಓದುವ ಅನುಮತಿ ಯಾವ ಆ್ಯಪ್‌ಗೂ ಇಲ್ಲ. ಆದರೂ ಎಲ್ಲ ಫೈಲುಗಳ ಅನುಮತಿ ಕೇಳುತ್ತವೆ, ಹಣ ಕೇಳುತ್ತವೆ. ದುಃಖದಲ್ಲಿರುವವರ ಹತ್ತಿರ ಹೀಗೆ ಹಣ ಕೀಳುವುದು ನನಗೆ ಸರಿ ಕಾಣುವುದಿಲ್ಲ. ನಾವು ಅಂಗಡಿ ಇಟ್ಟ ದಿನ, ಆಗದ್ದನ್ನು ಆಗದು ಎಂದು ಕಾರಣ ಸಹಿತ ಹೇಳೋಣ. ಅವರ ಬೇರೆ ಫೋಟೊಗಳು ನಮ್ಮ ಕಣ್ಣಿಗೆ ಬೀಳುತ್ತವೆ ಎಂಬುದನ್ನೂ ಮರೆಯದೆ, ಸಾಧ್ಯವಾದರೆ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಮಾಡೋಣ.

ಒಂದು ಕಡೆ ಮಾತ್ರ ಥಂಬ್‌ನೇಲ್ ಉಪಯೋಗಕ್ಕೆ ಬಂತು. ಉಳಿದ ನಾಲ್ಕು ಪುಟಗಳಲ್ಲಿ ಮೂರರ ಚಿಕ್ಕ ಚಿತ್ರ ಥಂಬ್‌ನೇಲ್ಸ್ ಫೋಲ್ಡರಿನಲ್ಲಿ ಇತ್ತು. ದೊಡ್ಡದು ಮಾಡಿದರೆ ಅಕ್ಷರ ಓದಲಾಗದು, ಆದರೆ ಸಾಲುಗಳ ಉದ್ದ, ಪಲ್ಲವಿಯ ಕೆಳಗೆ ಅಜ್ಜಿ ಎಳೆದ ಗೆರೆ ಕಾಣುತ್ತಿತ್ತು. ಚಿಕ್ಕಮ್ಮ ಅದನ್ನು ಬಹಳ ಹೊತ್ತು ನೋಡಿ, "ಇದು ಅರಿಶಿನ ಹಚ್ಚೋ ಹಾಡು" ಎಂದು ಹೇಳಿ ಹಾಡತೊಡಗಿದರು. ಎರಡು ಹಾಡು ಪೂರ್ತಿ ಬಂದವು, ಬರೆದುಕೊಂಡೆ. ಮೂರನೆಯದರಲ್ಲಿ ನಡುವಿನ ನುಡಿ ಮರೆತಿದ್ದರು. ನಾಲ್ಕನೆಯ ಪುಟ ಯಾವುದೆಂದು ಇನ್ನೂ ಗೊತ್ತಾಗಿಲ್ಲ.